ಕಲ್ಲಿನ ಶಿಲ್ಪಕ್ಕೆ ವಿಮೆ ಹೇಗೆ?

ಚಿತ್ರದುರ್ಗದ ಶಿಲ್ಪಿ:
ಒನಕೆ ಓಬವ್ವನ ಮೂರಡಿ ಶಿಲ್ಪವನ್ನು ಪ್ರದರ್ಶನಕ್ಕಾಗಿ ಲಾರಿಯಲ್ಲಿ ಬೆಂಗಳೂರಿಗೆ ಕಳಿಸಬೇಕಾಗಿದೆ. ಎತ್ತಿ ಹಿಡಿದ ಒನಕೆಯೇ ಅದರ ಜೀವ. ಮೊದಲು ಮುರಿಯುವುದೂ ಅದೇ. ಏಜೆಂಟರು ಅಂಗಡಿ ಸರಕಿನ ಪಾಲಿಸಿ ತೋರಿಸಿ ಕಲ್ಲಿನ ಬೆಲೆ ಕೇಳುತ್ತಾರೆ. ಕಲ್ಲಿನ ಬೆಲೆಯಂತೆ! ಬಲ್ಲವರು ತಿಳಿಸಿ.

ದಾವಣಗೆರೆಯ ಚಿತ್ರಕಲಾ ಶಿಕ್ಷಕಿ:
ಸರ್, ಒಪ್ಪಿತ ಮೌಲ್ಯದ ಪಾಲಿಸಿ ಕೇಳಿ. ಬೆಲೆ ಮೊದಲೇ ನಿಗದಿಯಾದರೆ ಪೂರ್ತಿ ನಷ್ಟವಾದಾಗ ಚೌಕಾಸಿ ಇರುವುದಿಲ್ಲ. ಹಿಂದಿನ ಮಾರಾಟದ ರಸೀದಿಗಳು, ಮೌಲ್ಯಮಾಪಕರ ಪತ್ರ, ಎಲ್ಲ ಕಡೆಯಿಂದ ತೆಗೆದ ಫೋಟೊಗಳನ್ನು ಜೋಡಿಸಿಡಿ. ನಿಮ್ಮ ಕಾರ್ಯಾಗಾರದಲ್ಲಿ ಎತ್ತಿದ ಕ್ಷಣದಿಂದ ಅಲ್ಲಿಗೇ ಮರಳುವವರೆಗೆ ರಕ್ಷಣೆ ಇರಲಿ.

ನಿವೃತ್ತ ವಿಮಾ ನೌಕರ:
ಪ್ರೀಮಿಯಂ ಉಳಿಸಲು ಬೆಲೆ ಇಳಿಸಿ ಬರೆಸಬೇಡಿ. ಸಾಮಾನ್ಯ ಪಾಲಿಸಿಯಲ್ಲಿ 4 ಲಕ್ಷದ ಕೃತಿಗೆ 2 ಲಕ್ಷದ ವಿಮೆ ಇದ್ದರೆ, ವಿಮೆ ಅರ್ಧ ಬೆಲೆಗಷ್ಟೇ ಆದ್ದರಿಂದ 1 ಲಕ್ಷದ ಹಾನಿಗೆ ಕೈಗೆ ಬರುವುದೂ ಅರ್ಧವೇ, 50 ಸಾವಿರ. ಇನ್ನು ಗೋಣಿಚೀಲ, ಹುಲ್ಲು ಸುತ್ತಿ ಕಳಿಸಿದರೆ ಪ್ಯಾಕಿಂಗ್ ಸರಿಯಿಲ್ಲವೆಂದು ಅರ್ಜಿಯನ್ನೇ ತಳ್ಳಿಹಾಕಬಹುದು. ಮರದ ಪೆಟ್ಟಿಗೆ ಮಾಡಿಸಿ, ಒನಕೆಗೆ ಪ್ರತ್ಯೇಕ ಆಸರೆ ಕೊಡಿ.

ಚಿತ್ರದುರ್ಗದ ಶಿಲ್ಪಿ:
ಅಂಟಿಸಿದ ಒನಕೆಯ ಓಬವ್ವನನ್ನು ಯಾರು ಪೂರ್ತಿ ಬೆಲೆಗೆ ಕೊಳ್ಳುತ್ತಾರೆ ಸರ್?

ನಿವೃತ್ತ ವಿಮಾ ನೌಕರ:
ದುರಸ್ತಿಯ ನಂತರದ ಮೌಲ್ಯ ಕುಸಿತವನ್ನೂ ಕೆಲವು ಕಲಾಕೃತಿ ಪಾಲಿಸಿಗಳು ಭರಿಸುತ್ತವೆ. ಬಾಯಿಮಾತು ನಂಬದೆ ಬರಹದಲ್ಲಿ ಪಡೆಯಿರಿ.