ಸಹಾಯ ಬೇಕು: 78 ವರ್ಷದ ಅವ್ವನ ಮೊಣಕಾಲು ಶಸ್ತ್ರಚಿಕಿತ್ಸೆಗೆ ಯಾವ ಅರಿವಳಿಕೆ ಸೂಕ್ತ?

ಎಲ್ಲರಿಗೂ ನಮಸ್ಕಾರ. ಗದಗ ತಾಲ್ಲೂಕಿನ ಹಳ್ಳಿಯಲ್ಲಿರುವ ನಮ್ಮ ಅವ್ವನಿಗೆ ಬಲ ಮೊಣಕಾಲಿನ ಕೀಲು ಪೂರ್ತಿ ಸವೆದಿರುವುದರಿಂದ, ಹುಬ್ಬಳ್ಳಿಯಲ್ಲಿ ಕೀಲು ಬದಲಾವಣೆ ಮಾಡಿಸಲು ನಿರ್ಧರಿಸಿದ್ದೇವೆ. ಅವರಿಗೆ ಸಕ್ಕರೆ ಕಾಯಿಲೆಯಿದೆ, ದಮ್ಮು ಇದೆ, ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿಸಿದಾಗಿನಿಂದ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೊಪಿಡೋಗ್ರೆಲ್ ಮಾತ್ರೆಯೂ ನಡೆದಿದೆ.

ಮೂಳೆ ವೈದ್ಯರು ಬೆನ್ನಿಗೆ ಚುಚ್ಚುವ ಸ್ಪೈನಲ್ ಅರಿವಳಿಕೆಯ ಮಾತನಾಡಿದ್ದಾರೆ. ಗಂಟಲಿಗೆ ಕೊಳವೆ ಇಳಿಸುವುದು ತಪ್ಪುವುದರಿಂದ ದಮ್ಮಿನವರಿಗೆ ಅದು ಅನುಕೂಲವೆಂಬುದು ನನಗೂ ಒಪ್ಪಿಗೆ. ಆದರೆ ಕ್ಲೊಪಿಡೋಗ್ರೆಲ್ ಅನ್ನು 5ರಿಂದ 7 ದಿನ ಮೊದಲೇ ನಿಲ್ಲಿಸದಿದ್ದರೆ ಬೆನ್ನುಹುರಿಯ ಬಳಿ ರಕ್ತಸ್ರಾವವಾಗುವ ಭಯ, ನಿಲ್ಲಿಸಿದರೆ ಸ್ಟೆಂಟ್ ಕಟ್ಟಿಕೊಳ್ಳುವ ಭಯ. ಜೊತೆಗೆ ಸ್ಪೈನಲ್ ಕೊಟ್ಟಾಗ ರಕ್ತದೊತ್ತಡ ಒಮ್ಮೆಲೇ ಇಳಿಯಬಹುದೆಂಬುದು ಬೇರೆ.

ಪೂರ್ತಿ ಪ್ರಜ್ಞೆ ತಪ್ಪಿಸುವ ಪೂರ್ಣ ಅರಿವಳಿಕೆ ಕೊಟ್ಟರೆ ವಯಸ್ಸಾದವರಿಗೆ ಬುದ್ಧಿ ಮಂಕಾಗುತ್ತದೆ ಎಂದು ಓಣಿಯವರೆಲ್ಲ ಹೆದರಿಸುತ್ತಿದ್ದಾರೆ. ಆದರೆ ಸೊಂಟದ ಮೂಳೆ ಮುರಿದ 1600 ರೋಗಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಯ ನಂತರದ ಗೊಂದಲ ಎರಡೂ ವಿಧಾನಗಳಲ್ಲಿ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿತ್ತು. ಅದು ಮುರಿತದ ರೋಗಿಗಳ ಲೆಕ್ಕ, ನಮ್ಮದು ಮೊಣಕಾಲು. ಆದರೂ ಸ್ವಲ್ಪ ಧೈರ್ಯ ಬಂತು.

ಇಂಥದೇ ಸ್ಥಿತಿಯಲ್ಲಿ ಹಿರಿಯರಿಗೆ ಶಸ್ತ್ರಚಿಕಿತ್ಸೆ ಮಾಡಿಸಿದವರು, ಮಾತ್ರೆ ನಿಲ್ಲಿಸುವ ವಿಷಯವನ್ನು ಹೃದಯ ವೈದ್ಯರು ಮತ್ತು ಅರಿವಳಿಕೆ ವೈದ್ಯರು ಹೇಗೆ ತೀರ್ಮಾನಿಸಿದರು, ನೋವಿಗೆ ತೊಡೆಯಲ್ಲಿ ನರದ ಬ್ಲಾಕ್ (ನರವನ್ನು ಮರಗಟ್ಟಿಸುವ ಚುಚ್ಚುಮದ್ದು) ಕೊಟ್ಟಿದ್ದರೆ ನಡೆಯಲು ತಡವಾಯಿತೇ ಎಂಬುದನ್ನು ದಯವಿಟ್ಟು ತಿಳಿಸಿ. ಬರುವ ಸೋಮವಾರ ಅರಿವಳಿಕೆ ವೈದ್ಯರನ್ನು ಕಾಣಲಿದ್ದೇವೆ. ಅವರಿಗೆ ತಪ್ಪದೇ ಕೇಳಬೇಕಾದ ಪ್ರಶ್ನೆಗಳಿದ್ದರೂ ಬರೆಯಿರಿ.