ದೇವರ ‘ಪ್ರಭಾವ’ಕ್ಕೆ ‘ಘನ’ ಎನ್ನಬಹುದೇ?

ಎಲ್ಲರಿಗೂ ಬೀದರ್‌ನಿಂದ ನಮಸ್ಕಾರ. ನಮ್ಮ ಕ್ರೈಸ್ತ ಸಭೆಯ ಮಕ್ಕಳಿಗೆ ಭಾನುವಾರ ಬೈಬಲಿನ ಕೀರ್ತನೆಗಳನ್ನು ಓದಿಸುವುದು ನನ್ನ ಪಾಲಿನ ಕೆಲಸ. ಹೋದ ವಾರ 19ನೆಯ ಕೀರ್ತನೆ. ಆಕಾಶವು ದೇವರ ‘ಪ್ರಭಾವ’ವನ್ನು ಸಾರುತ್ತದೆ ಎಂಬ ಮೊದಲ ಸಾಲಿಗೇ ಒಬ್ಬ ಹುಡುಗಿ ತಡೆದಳು: “ಕಾಕಾ, ಪ್ರಭಾವ ಎಂದರೆ ಒಬ್ಬರು ಇನ್ನೊಬ್ಬರ ಮೇಲೆ ಬೀರುವುದಲ್ಲವೇ? ದೇವರು ಯಾರ ಮೇಲೆ ಬೀರಿದರು?”

“ಪ್ರಭೆ ಇದ್ದ ಹಾಗೆ, ಬೆಳಕು” ಎಂದುಬಿಟ್ಟೆ. ಮನೆಗೆ ಬಂದು ನಿಘಂಟು ತೆಗೆದರೆ ನಾನು ಹೇಳಿದ್ದು ತಪ್ಪು. ಪ್ರಭೆಗೆ ಮೂಲ ‘ಭಾ’, ಹೊಳೆಯುವುದು ಎಂದರ್ಥ. ಪ್ರಭಾವಕ್ಕೆ ಮೂಲ ‘ಭೂ’. ಅದು ‘ಪ್ರಭು’ವಿನ ಒಡಹುಟ್ಟು, ಒಡೆತನದ ಬಲವನ್ನು ಹೇಳುವ ಪದ. ಅದರ ಮೂಲದಲ್ಲಿ ಬೆಳಕಿನ ಕಿಡಿಯೂ ಇಲ್ಲ. ಮುಂದಿನ ಭಾನುವಾರ ಆ ಹುಡುಗಿಗೆ ಸರಿಯಾದ ಉತ್ತರ ಕೊಡಬೇಕು, ಅದಕ್ಕೇ ಈ ಪತ್ರ.

ಹೀಬ್ರೂ ಮೂಲದಲ್ಲಿ ಅಲ್ಲಿರುವುದು ‘ಕಾವೋದ್’. ಅದರ ಧಾತುವಿಗೆ ತೂಕ, ಭಾರ ಎಂದರ್ಥ. ಸಮುವೇಲನ ಮೊದಲನೆಯ ಪುಸ್ತಕದಲ್ಲಿ ಮುದಿ ಯಾಜಕ ಏಲಿಯು ಪೀಠದಿಂದ ಹಿಂದಕ್ಕೆ ಬಿದ್ದು ಕುತ್ತಿಗೆ ಮುರಿದು ಸಾಯುತ್ತಾನೆ. ಅವನ ಮೈ ಭಾರವಾಗಿತ್ತು ಎನ್ನಲು ಬಳಸಿದ್ದೂ ಇದೇ ಧಾತು. ತಂದೆತಾಯಿಗಳನ್ನು ಸನ್ಮಾನಿಸು ಎಂಬ ಆಜ್ಞೆಯಲ್ಲಿಯೂ ಇದೇ. (ಈಗ ಸನ್ಮಾನ ಎಂದರೆ ಶಾಲು, ಹಾರ ಎಂದಾಗಿರುವುದು ನನಗೆ ನೋವಿನ ವಿಷಯ.) ಭಾರದಿಂದ ಮರ್ಯಾದೆಗೆ ಹೋಗುವ ಈ ದಾರಿ ನಮಗೂ ಗೊತ್ತು: ‘ಗುರು’ ಎಂದರೆ ಭಾರವುಳ್ಳದ್ದು, ಅದರಿಂದಲೇ ‘ಗೌರವ’. ತೂಕದ ಮನುಷ್ಯ ಎಂದು ನಾವೂ ಅನ್ನುತ್ತೇವಲ್ಲ.

ಆದರೆ ಆಕಾಶದ ಮುಂದೆ ‘ಗೌರವ’ ಸಾಲದು. 29ನೆಯ ಕೀರ್ತನೆಯಲ್ಲಿ ಈ ಕಾವೋದ್‌ನ ದೇವರು ಗುಡುಗುತ್ತಾನೆ. ಅಲ್ಲಿ ‘ಕೋಲ್’ ಎಂಬ ಪದ ಏಳು ಸಲ ಬರುತ್ತದೆ. ಅದಕ್ಕೆ ದನಿ ಎಂಬ ಅರ್ಥವೂ ಇದೆ, ಗುಡುಗು ಎಂಬ ಅರ್ಥವೂ ಇದೆ. ಆ ದನಿ ಲೆಬನೋನಿನ ದೇವದಾರು ಮರಗಳನ್ನೇ ಮುರಿಯುತ್ತದೆ. ಸೊಲೊಮೋನನ ದೇವಾಲಯದಲ್ಲಿ ಈ ಕಾವೋದ್ ಮೋಡವಾಗಿ ತುಂಬಿಕೊಂಡಾಗ ಯಾಜಕರು ನಿಂತು ಸೇವೆ ಮಾಡಲಾಗಲಿಲ್ಲ. ನನಗೆ ಅಲ್ಲಿ ತೂಕವೇ ಕಾಣುತ್ತದೆ.

ಮೊನ್ನೆ ಸಂಜೆ ಊರಿನ ಅಂಚಿನ ಕೆಂಪುಕಲ್ಲಿನ ದಿಬ್ಬದ ಮೇಲೆ ನಿಂತಿದ್ದೆ. ಮಾಂಜರಾ ನದಿಯ ಕಡೆಯಿಂದ ಮೋಡ ಕಟ್ಟಿಕೊಂಡು ಬಂತು. ಗಾಳಿ ನಿಂತು, ಬೆಳಕು ತಾಮ್ರದ ಬಣ್ಣಕ್ಕೆ ತಿರುಗಿತು. ಮೊದಲ ಗುಡುಗಿಗೆ ಹತ್ತಿರದ ಕೊಟ್ಟಿಗೆಯ ತಗಡು ಜುಮ್ಮೆಂದಿತು. ಆ ಸದ್ದು ಕಿವಿಗಿಂತ ಮೊದಲು ಎದೆಗೆ ತಾಕಿತು. ಆಗ ಹೊಳೆದ ಪದ ‘ಘನ’.

ಘನ ಎಂದರೆ ಮೋಡ; ಘನಶ್ಯಾಮ ಎನ್ನುವಲ್ಲಿ ಅದೇ ಇರುವುದು. ಘನ ಎಂದರೆ ದಟ್ಟ, ಗಟ್ಟಿ. ಘನ ಎಂದರೆ ದೊಡ್ಡದು, ಮಾನವುಳ್ಳದ್ದು, ಅದರಿಂದಲೇ ಘನತೆ. ನಮ್ಮ ವಚನಕಾರರು ಪರವಸ್ತುವನ್ನೇ ಘನ ಎಂದರು. ಕಾವೋದ್ ಹೊತ್ತಿರುವ ಭಾರ, ಮೋಡ, ಮಾನ ಮೂರನ್ನೂ ಒಟ್ಟಿಗೆ ಹಿಡಿದ ಇನ್ನೊಂದು ಕನ್ನಡ ಪದ ನನಗೆ ಸಿಕ್ಕಿಲ್ಲ.

ತೊಡಕು ಬೆಳಕಿನದು. ಸೀನಾಯಿ ಬೆಟ್ಟದ ತುದಿಯಲ್ಲಿ ಕಾವೋದ್ ಸುಡುವ ಬೆಂಕಿಯಂತೆ ಕಾಣುತ್ತದೆ; ಪ್ರವಾದಿ ಯೆಹೆಜ್ಕೇಲನಿಗೆ ಮಳೆಗಾಲದ ಮೋಡದಲ್ಲಿ ಮೂಡಿದ ಬಿಲ್ಲಿನ ಹೊಳಪಾಗಿ ಕಾಣುತ್ತದೆ. ಅಲ್ಲಿ ‘ತೇಜಸ್ಸು’ ಚೆನ್ನಾಗಿ ಒಪ್ಪುತ್ತದೆ, ಅದನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ‘ಮಹಿಮೆ’ ಎಲ್ಲ ಕಡೆಗೂ ಸಲ್ಲುತ್ತದೆ, ಆದರೆ ಕಣ್ಣಿಗೆ ಏನನ್ನೂ ತೋರಿಸುವುದಿಲ್ಲ.

ಬಲ್ಲವರು ತಿಳಿಸಬೇಕು. ಹಳಗನ್ನಡದಲ್ಲಿ ‘ಘನ’ಕ್ಕೆ ಹೊಳಪಿನ ಅರ್ಥ ಎಲ್ಲಾದರೂ ಇದೆಯೇ? ‘ಘನತೇಜ’ ಎಂಬ ಸಮಾಸ ಕಾವ್ಯಗಳಲ್ಲಿ ಸಿಗುತ್ತದೆಯೇ? ಇನ್ನೊಂದು: ದುಃಖದಲ್ಲಿ ದೇವರನ್ನೇ ಪ್ರಶ್ನಿಸಿದ ಯೋಬನಿಗೆ ದೇವರು ಯಾವ ಗಾಳಿಯೊಳಗಿಂದ ಉತ್ತರ ಕೊಟ್ಟನೋ ಅದಕ್ಕೆ ನಿಮ್ಮ ಕಡೆ ಬಿರುಗಾಳಿ ಎನ್ನುತ್ತೀರೋ, ಸುಂಟರಗಾಳಿ ಎನ್ನುತ್ತೀರೋ?