ಸಹಾಯ ಬೇಕು: ‘ಡಿಟೆಸ್ಟ್’ ಎಂಬುದಕ್ಕೆ ಸಾಕ್ಷಿಯೂ ಶಾಪವೂ ಇರುವ ಕನ್ನಡ ಪದ

ಎಲ್ಲರಿಗೂ ನಮಸ್ಕಾರ. ದ್ವೇಷ, ಹೇಸಿಗೆಗಳನ್ನು ಸೂಚಿಸುವ ಇಂಗ್ಲಿಷ್ ಪದಗಳ ಮೂಲವನ್ನು ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದು, ಎರಡು ವಾರಗಳಿಂದ ಒಂದೇ ಪದದ ಬಳಿ ನಿಂತುಬಿಟ್ಟಿದ್ದೇನೆ.

‘ಡಿಸ್ಪೈಸ್’ ತೊಂದರೆ ಕೊಡಲಿಲ್ಲ. ಲ್ಯಾಟಿನ್‌ನಲ್ಲಿ ಅದು ಮೇಲಿನಿಂದ ಕೆಳಕ್ಕೆ ನೋಡುವುದು, ನಮ್ಮ ‘ಕೀಳಾಗಿ ಕಾಣು’ ಎಂಬುದರಲ್ಲಿಯೂ ಅದೇ ನೋಟವಿದೆ. ‘ಅಬಾಮಿನೇಟ್’ ಪದಕ್ಕೆ ಅಪಶಕುನದ ಹಿನ್ನೆಲೆಯಿರುವುದರಿಂದ ಅದೂ ಸುಲಭವಾಯಿತು. ‘ಅಬ್‌ಹಾರ್’ ಪದದ ಮೂಲವಾದ ‘ಹೊರ್ರೇರೆ’ ಎಂದರೆ ಮೈ ನಡುಗುವುದು, ಕೂದಲು ನಿಮಿರಿ ನಿಲ್ಲುವುದು. ಸಂಸ್ಕೃತದ ‘ಹೃಷ್’ ಧಾತುವೂ ಅದೇ ಬಳಗದ್ದು. ನಿಮಿರಿದ ಅದೇ ರೋಮ ಅಲ್ಲಿ ಹೇಸಿಗೆಯಾಗಿ, ಇಲ್ಲಿ ಹರ್ಷವಾಗಿ ಬೆಳೆದದ್ದನ್ನು ಕಂಡು, ನಿಜ ಹೇಳಬೇಕೆಂದರೆ, ನನಗೂ ಮೈ ಜುಮ್ಮೆಂದಿತು.

ಸಮಸ್ಯೆ ತೀವ್ರವಾಗಿ ದ್ವೇಷಿಸು ಎಂಬರ್ಥದ ‘ಡಿಟೆಸ್ಟ್’ ಪದದ್ದು. ಲ್ಯಾಟಿನ್‌ನಲ್ಲಿ ‘ಟೆಸ್ಟಿಸ್’ ಎಂದರೆ ಸಾಕ್ಷಿ. ದೇವರನ್ನು ಸಾಕ್ಷಿಯಾಗಿ ಕರೆದು ಶಪಿಸುವುದೇ ‘ಡೇಟೆಸ್ಟಾರಿ’. ‘ಪ್ರೊಟೆಸ್ಟ್’, ‘ಟೆಸ್ಟಮೆಂಟ್’ ಪದಗಳೂ ಇದೇ ಸಾಕ್ಷಿಯಿಂದ ಹುಟ್ಟಿದವು. ಮೊದಲು ‘ಜುಗುಪ್ಸೆ’ ಎಂದು ಬರೆದೆ. ಆದರೆ ಅದು ಕಾಪಾಡು ಎಂಬರ್ಥದ ‘ಗುಪ್’ ಧಾತುವಿನಿಂದ ಬಂದದ್ದು, ಕಾವ್ಯಶಾಸ್ತ್ರದಲ್ಲಿ ಬೀಭತ್ಸ ರಸದ ಸ್ಥಾಯಿಭಾವವೂ (ಅದರ ಮೂಲಭಾವ) ಹೌದು, ಹೀಗಾಗಿ ಓದುಗರನ್ನು ಬೇರೆ ದಾರಿಗೆ ಒಯ್ಯುತ್ತದೆ. ‘ಹಿಡಿಶಾಪ ಹಾಕು’ ಎಂಬುದರಲ್ಲಿ ಶಾಪವಿದೆ, ಸಾಕ್ಷಿಯಿಲ್ಲ. ‘ದೇವರಾಣೆ’ಯಲ್ಲಿ ಸಾಕ್ಷಿಯಿದೆ, ದ್ವೇಷವಿಲ್ಲ.

ದೇವರ ಸಾಕ್ಷಿ ಮತ್ತು ಶಾಪ ಎರಡನ್ನೂ ಒಳಗೊಂಡ ಪದವೋ ನುಡಿಗಟ್ಟೋ ನಿಮ್ಮ ಊರಿನ ಮಾತಿನಲ್ಲಿ ಬಳಕೆಯಲ್ಲಿದೆಯೇ? ಇಲ್ಲವಾದರೆ ‘ಡಿಟೆಸ್ಟ್’ ಎಂದೇ ಉಳಿಸಿ, ಅಡಿಟಿಪ್ಪಣಿಯಲ್ಲಿ ವಿವರಿಸುವುದು ಸರಿಯೇ?